ನಾಯಿ ಕಚ್ಚಿದಾಗ ಎರಡು ಚುಚ್ಚುಮದ್ದು ಏಕೆ?



"ನಾಯಿ ಕಚ್ಚಿತು, ಅಂದೇ ಸೂಜಿ ಹಾಕಿಸಿಕೊಂಡು ಬಂದೆ, ಇನ್ನೇನು ಭಯ?" ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಆಗಾಗ್ಗೆ ಕೇಳಿಬರುತ್ತದೆ. ಹೀಗೆನ್ನುವವರನ್ನು ಒಂದು ಪ್ರಶ್ನೆ ಕೇಳಬೇಕು. ಹಾಕಿಸಿಕೊಂಡ ಸೂಜಿ ಧನುರ್ವಾಯುವಿನದೋ, ಹುಚ್ಚುನಾಯಿ ರೋಗದ್ದೋ? ಇವು ಬೇರೆ ಬೇರೆ ರೋಗಗಳು. ಒಂದರ ಮದ್ದು ಇನ್ನೊಂದನ್ನು ತಡೆಯಲಾರದು. ಇದನ್ನರಿಯದೆ ಒಂದನ್ನೇ ಹಾಕಿಸಿಕೊಂಡು ಮನೆಗೆ ಮರಳಿದರೆ ಪ್ರಾಣಕ್ಕೇ ಅಪಾಯ.

ಮೊದಲು ಮಾಡಬೇಕಾದ ಕೆಲಸ

ಕಚ್ಚಿದ ಕೂಡಲೇ ಗಾಯವನ್ನು ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ನಲ್ಲಿ ಇಲ್ಲದಿದ್ದರೆ ಬಿಂದಿಗೆಯಿಂದ ನೀರು ಸುರಿಯುತ್ತಿರಬೇಕು. ಇದರಿಂದ ಎರಡು ರೋಗಗಳ ಅಪಾಯವೂ ತಗ್ಗುತ್ತದೆ. ಸುಣ್ಣ, ಸಗಣಿ, ಕಾಫಿಪುಡಿ, ಮೆಣಸಿನಪುಡಿ ಮೆತ್ತಬಾರದು, ಬರೆ ಹಾಕಬಾರದು. ಬಳಿಕ ಅಂದೇ ಆಸ್ಪತ್ರೆಗೆ ಹೋಗಬೇಕು.

ಧನುರ್ವಾಯು

ಈ ರೋಗದ ಬೀಜಾಣು ಮಣ್ಣಿನಲ್ಲಿಯೂ ದನ, ಕುದುರೆಗಳ ಸಗಣಿ ಲದ್ದಿಯಲ್ಲಿಯೂ ವರ್ಷಗಟ್ಟಲೆ ಸಾಯದೆ ಇರಬಲ್ಲದು. ಹಾಸನದ ಆಲೂಗೆಡ್ಡೆ ಹೊಲವಾಗಲಿ, ಅರಕಲಗೂಡಿನ ಹೊಗೆಸೊಪ್ಪಿನ ಹೊಲವಾಗಲಿ, ಹೊಳೆನರಸೀಪುರದ ಗದ್ದೆಯಾಗಲಿ, ಚನ್ನರಾಯಪಟ್ಟಣದ ತೆಂಗಿನ ತೋಟವಾಗಲಿ, ಇದರಿಂದ ಹೊರತಲ್ಲ. ಕೋರೆಹಲ್ಲಿನ ಗಾಯ ಹೊರಗೆ ಚಿಕ್ಕದು, ಒಳಗೆ ಆಳ. ಗಾಳಿಯಾಡದ ಆ ಆಳದಲ್ಲಿ ಬೀಜಾಣು ಮೊಳೆತು ವಿಷ ಉಂಟುಮಾಡುತ್ತದೆ. ಆದುದರಿಂದ ಕಚ್ಚಿದ್ದು ಮನೆಯ ನಾಯಿ, ಅದಕ್ಕೆ ಹುಚ್ಚಿಲ್ಲ ಎಂದಮಾತ್ರಕ್ಕೆ ಈ ಭಯ ತಪ್ಪದು. ಬೆಕ್ಕು, ಮಂಗ, ಹಂದಿ ಕಚ್ಚಿದರೂ, ಕುಡುಗೋಲು ತಗುಲಿದರೂ ಹೀಗೆಯೇ.

ಸಾಮಾನ್ಯವಾಗಿ 3ರಿಂದ 21 ದಿನಗಳೊಳಗೆ ರೋಗ ತೋರುತ್ತದೆ. ಮೊದಲು ದವಡೆ ಕಚ್ಚಿಕೊಳ್ಳುತ್ತದೆ, ಕತ್ತು ಬಿಗಿಯುತ್ತದೆ. ಆಮೇಲೆ ಮೈ ಬಿಲ್ಲಿನಂತೆ ಬಾಗುತ್ತದೆ. ಧನುರ್ವಾಯು ಎಂಬ ಹೆಸರು ಬಂದದ್ದು ಇದರಿಂದಲೇ.

ನಾವು ಟಿ.ಟಿ. ಎನ್ನುತ್ತಿದ್ದ ಲಸಿಕೆಯ ಸ್ಥಾನದಲ್ಲಿ 2019ರಿಂದ ಸರ್ಕಾರಿ ಲಸಿಕೆ ಕಾರ್ಯಕ್ರಮದಲ್ಲಿ ಟಿ.ಡಿ. ಲಸಿಕೆ ಬಂದಿದೆ. ಇದು ಗಂಟಲುಮಾರಿ ರೋಗವನ್ನೂ ತಡೆಯುತ್ತದೆ. ಹಿಂದೆ ಕನಿಷ್ಠ ಮೂರು ಬಾರಿ ಲಸಿಕೆ ಪಡೆದು, ಕೊನೆಯದಕ್ಕೆ ಇನ್ನೂ 5 ವರ್ಷ ತುಂಬದಿದ್ದರೆ ಸಾಮಾನ್ಯವಾಗಿ ಮತ್ತೆ ಬೇಕಾಗುವುದಿಲ್ಲ. 5 ವರ್ಷ ಮೀರಿದ್ದರೆ ಒಂದು ಸೂಜಿ ಬೇಕು. ಎಂದೂ ಹಾಕಿಸದವರಿಗೆ, ನೆನಪಿಲ್ಲದವರಿಗೆ ಲಸಿಕೆಯೊಂದಿಗೆ ಇಮ್ಯುನೋಗ್ಲಾಬ್ಯುಲಿನ್ ಎಂಬ ಮದ್ದನ್ನೂ ಕೊಡಬೇಕಾಗುತ್ತದೆ. ಲಸಿಕೆ ಬಿತ್ತಿದ ಬೀಜದಂತೆ. ಫಲ ಕೈಗೆ ಬರಲು ದಿನ ಹಿಡಿಯುತ್ತದೆ. ಇಮ್ಯುನೋಗ್ಲಾಬ್ಯುಲಿನ್ ಕಡ ತಂದ ಧಾನ್ಯದಂತೆ. ಆ ಹೊತ್ತಿಗೆ ಒದಗಿ ಕೆಲಕಾಲದಲ್ಲಿ ತೀರಿಹೋಗುತ್ತದೆ. ಆದಕಾರಣ ಉಳಿದ ಲಸಿಕೆಗಳನ್ನು ವೈದ್ಯರು ಹೇಳಿದ ದಿನ ತಪ್ಪದೆ ಪಡೆಯಬೇಕು.

ಹುಚ್ಚುನಾಯಿ ರೋಗ

ಇದರ ಲಕ್ಷಣ ಒಮ್ಮೆ ಕಾಣಿಸಿತೆಂದರೆ ರೋಗಿ ಬದುಕುವುದು ಅತಿ ವಿರಳ. ತಡೆಯುವುದೊಂದೇ ದಾರಿ. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂಬ ಹಳೆಯ ಹೆದರಿಕೆ ಈಗ ಬೇಡ. ಆ ಕಾಲ ಮುಗಿದಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ತೋಳಿನ ಚರ್ಮದೊಳಕ್ಕೆ ಮೊದಲ ದಿನ, ಬಳಿಕ 3, 7 ಮತ್ತು 28ನೆಯ ದಿನ ಲಸಿಕೆ ಕೊಡುತ್ತಾರೆ. ಹಲ್ಲು ನಾಟಿ ರಕ್ತ ಬಂದಿದ್ದರೆ ಗಾಯದೊಳಕ್ಕೂ ಸಿದ್ಧ ರಕ್ಷಣೆಯ ಮದ್ದು ಬೇಕು. ಅದಕ್ಕಾಗಿ ತಾಲ್ಲೂಕು ಆಸ್ಪತ್ರೆಗೋ ಹಾಸನದ ದೊಡ್ಡಾಸ್ಪತ್ರೆಗೋ ಕಳುಹಿಸಿದರೆ ಅಂದೇ ಹೊರಡಬೇಕು. ಬಿತ್ತನೆ, ಕೊಯ್ಲಿನ ನೆಪದಲ್ಲಿ ಒಂದು ಸೂಜಿಯನ್ನೂ ಬಿಡಬಾರದು.

ಆಸ್ಪತ್ರೆಯಿಂದ ಹೊರಡುವ ಮುನ್ನ ಎರಡು ಮಾತು ಕೇಳಿರಿ: "ಧನುರ್ವಾಯುವಿನದು ಆಯಿತೇ? ಹುಚ್ಚುನಾಯಿಯದು ಆಯಿತೇ?" ಚೀಟಿಯಲ್ಲಿ ಮುಂದಿನ ದಿನಾಂಕ ಬರೆಸಿಕೊಳ್ಳಿರಿ. ಆ ಚೀಟಿಯನ್ನು ಪಹಣಿಯಷ್ಟೇ ಜೋಪಾನವಾಗಿಡಿರಿ. ಮನೆಯ ಮಕ್ಕಳಿಗೆ 10 ಮತ್ತು 16ನೆಯ ವಯಸ್ಸಿನ ಟಿ.ಡಿ. ಲಸಿಕೆ ಆಗಿದೆಯೇ ಎಂಬುದನ್ನು ಆಶಾ ಕಾರ್ಯಕರ್ತೆಯಲ್ಲಿ ಇಂದೇ ವಿಚಾರಿಸಿರಿ.