ಅಮ್ಮನೂ ಕೂತು ಕಲಿಯುವ ತರಗತಿ

ಮಗುವಿಗೆ ಮೂರು ತುಂಬಿದೆ. ಹೆಸರು ಹಿಡಿದು ಕೂಗಿದರೆ ತಿರುಗುವುದಿಲ್ಲ, ಮುಖ ಕೊಟ್ಟು ನೋಡುವುದಿಲ್ಲ. 'ಅವರಪ್ಪನೂ ತಡವಾಗೇ ಮಾತಾಡಿದ್ದು, ಬಿಡವ್ವ' ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಹಾಗೆ ಬಿಟ್ಟ ಒಂದೊಂದು ವರ್ಷವೂ ಮಗುವಿಗೆ ನಷ್ಟವೇ. ಮೈಸೂರಿನ ಬಳಿಯ ಇಲವಾಲದ ತಾಯಿಗೆ ದಾರಿಯೇನೋ ದೂರವಿಲ್ಲ. ಹುಣಸೂರು ರಸ್ತೆಯಲ್ಲಿ ಮೈಸೂರಿನ ಕಡೆಗೆ ಬಂದರೆ ಮೈಸೂರು ವಿಶ್ವವಿದ್ಯಾನಿಲಯದ ಆವರಣ ಮಾನಸಗಂಗೋತ್ರಿ, ಅಲ್ಲಿದೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಊರವರ ಬಾಯಲ್ಲಿ 'ಆಯಿಷ್'.

ಮೈಸೂರು ಮಹಾರಾಜ ಜಯಚಾಮರಾಜ ಒಡೆಯರ್ ಕೊಟ್ಟ ಜಾಗದಲ್ಲಿ 1966ರ ಜುಲೈ 25ರಂದು ಇದಕ್ಕೆ ಅಡಿಗಲ್ಲು ಇಟ್ಟವರು ರಾಷ್ಟ್ರಪತಿ ರಾಧಾಕೃಷ್ಣನ್. ಅವರು ಹಿಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲೇ ತತ್ತ್ವಶಾಸ್ತ್ರ ಕಲಿಸಿದ ಮೇಷ್ಟ್ರು. ಸಂಸ್ಥೆ ಕೇಂದ್ರ ಸರ್ಕಾರದ್ದು, ಪದವಿ ಮೈಸೂರು ವಿಶ್ವವಿದ್ಯಾನಿಲಯದ್ದು. ನಾಟಕಕಾರರಾಗಿ ಕನ್ನಡಿಗರಿಗೆ ಗೊತ್ತಿರುವ ನ. ರತ್ನ ಇದರ ನಿರ್ದೇಶಕರಾಗಿದ್ದರು.

ಸಂಸ್ಥೆ ಹುಟ್ಟಿದ್ದು ಮಾತು, ಕಿವಿಯ ತೊಂದರೆಗಳಿಗಾಗಿ. ಆದರೆ ಕಿವುಡಿರಬೇಕೆಂದು ಕರೆತಂದ ಮಗುವಿನ ಕಿವಿ ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ. ಮಾತು, ಒಡನಾಟಗಳ ಬೆಳವಣಿಗೆಗೆ ಸಂಬಂಧಿಸಿದ ಆಟಿಸಂ ಹೀಗೂ ಗೊತ್ತಾಗುತ್ತದೆ. ಇಂಥ ಮಕ್ಕಳಿಗಾಗಿ ಇಂದು ಇಲ್ಲಿ ಪ್ರತ್ಯೇಕ ಘಟಕವೇ ಇದೆ. ನನಗೆ ಬಹಳ ದೊಡ್ಡದಾಗಿ ಕಾಣುವುದು ಇಲ್ಲಿನ ಶಾಲಾಪೂರ್ವ ತರಗತಿ. ಮಗುವಿನ ಜೊತೆ ಅಮ್ಮನೂ ಕೂರುತ್ತಾಳೆ. ಚಿತ್ರ ತೋರಿಸಿ ಬೇಕಾದ್ದನ್ನು ಮಗುವೇ ಕೇಳುವಂತೆ ಮಾಡುವುದು, ಸರದಿ ಕಾಯುವುದನ್ನು ಆಟದಲ್ಲೇ ರೂಢಿಸುವುದು, ಇವನ್ನೆಲ್ಲ ಕಲಿತು ಮನೆಯಲ್ಲಿ ಮುಂದುವರಿಸುತ್ತಾಳೆ. ಚಿಕಿತ್ಸಕರ ಕೈಗೆ ಮಗು ಸಿಗುವುದು ದಿನದಲ್ಲಿ ಸ್ವಲ್ಪ ಹೊತ್ತು. ಉಳಿದ ಹೊತ್ತೆಲ್ಲ ಮನೆಯದೇ ತಾನೆ? ದೂರದ ಊರುಗಳಿಂದ ಬಂದು, ಮೈಸೂರಲ್ಲಿ ಬಾಡಿಗೆ ಮನೆ ಹಿಡಿದು ಕಲಿತ ತಾಯಂದಿರಿದ್ದಾರೆ. ಅವರ ಬಗ್ಗೆ ನನಗೆ ಅಪಾರ ಗೌರವ.

ಆಟಿಸಂ ಇರುವವರ ನೆರವಿಗೆ ಕಾನೂನು ಮಾತ್ರ ನಿಧಾನವಾಗಿ ಬಂತು. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲೇ ಇಲ್ಲ. ದೇಶದ ಉದ್ದಗಲಕ್ಕೂ ಹೆತ್ತವರು ಬೆನ್ನು ಬಿಡದೆ ಕೇಳಿದ್ದರಿಂದ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಹೆಸರು ಸೇರಿತು. 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳಲ್ಲಿ ಇದನ್ನೂ ಎಣಿಸಿತು. ಪ್ರಮಾಣಪತ್ರ, ಮೀಸಲಾತಿ, ಶಾಲೆಯಲ್ಲಿ ಜಾಗ ಕೇಳುವ ಹಕ್ಕು, ಎಲ್ಲಕ್ಕೂ ಬುನಾದಿ ಆ ಹೆಸರೇ.

ಹಕ್ಕು ಕಾಗದದಲ್ಲಿದ್ದರೂ ಒಂದು ದಿನದ ಕೂಲಿ ಬಿಟ್ಟು ಬಸ್ ಹತ್ತಬೇಕಾದವರಿಗೆ ಇಲವಾಲದಿಂದ ಮೈಸೂರು ಕೂಡ ದೂರವೇ. ಆಯಿಷ್ ಇದನ್ನು ಅರಿತೇ ಹುಲ್ಲಹಳ್ಳಿ, ಅಕ್ಕಿಹೆಬ್ಬಾಳು, ಗುಂಬಳ್ಳಿಯಂಥ ಊರುಗಳಲ್ಲಿ ಸೇವಾ ಕೇಂದ್ರ ತೆರೆಯಿತು. ಅದೇ ಜಾಡಿನಲ್ಲಿ, ಇಲವಾಲದ ಸುತ್ತಿನ ಅಂಗನವಾಡಿಗಳಲ್ಲಿ ತೂಕ ನೋಡುವ ದಿನವೇ ಮಗು ಕೂಗಿದರೆ ತಿರುಗುತ್ತದೆಯೇ, ಬೆರಳು ಮಾಡಿ ತೋರಿಸುತ್ತದೆಯೇ ಎಂದೂ ನೋಡಬೇಕು. ಅನುಮಾನ ಬಂದರೆ ಯಾರಿಗೆ ತಿಳಿಸಬೇಕೆಂಬುದು ಕಾರ್ಯಕರ್ತೆಗೂ ಆಶಾ ಅಕ್ಕನಿಗೂ ಗೊತ್ತಿರಬೇಕು. ಅದನ್ನು ಕಲಿಸುವ ಕೆಲಸವನ್ನು ಆಯಿಷ್‌ನ ವಿದ್ಯಾರ್ಥಿಗಳಿಗೇ ವಹಿಸಬಹುದು.