ಹೆಸರು ನಿಮ್ಮದು, ಪಹಣಿ ಯಾರ ಕೈಯಲ್ಲಿ?

ಮಂಡ್ಯ ತಾಲ್ಲೂಕಿನ ದುದ್ದ ಹೋಬಳಿಯ ರೈತರಿಗೆ ಪಹಣಿ ಎಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ. ಜಮೀನು ಯಾರದು, ವಿಸ್ತೀರ್ಣ ಎಷ್ಟು, ಬೆಳೆ ಏನು ಎಂಬುದಕ್ಕೆಲ್ಲ ಅದೇ ಆಧಾರ. ಎಷ್ಟೇ ಬೆವರು ಸುರಿಸಿದರೂ ಪಹಣಿಯಲ್ಲಿ ಬೇರೆಯವರ ಹೆಸರಿದ್ದರೆ ತಾಪತ್ರಯ ತಪ್ಪಿದ್ದಲ್ಲ. ಶಾಲೆ, ಕಾಲೇಜು, ಸಂಘಗಳು ಅಂತರ್ಜಾಲದಲ್ಲಿ ಪಡೆಯುವ ಹೆಸರಿಗೂ ಇಂಥದೇ ದಾಖಲೆಯೊಂದಿದೆ. ಅದನ್ನು ಕಾಯುವ ವ್ಯವಸ್ಥೆಯೇ ಡೊಮೇನ್ ನೇಮ್ ಸಿಸ್ಟಂ, ಚಿಕ್ಕದಾಗಿ ಡಿಎನ್ಎಸ್.

ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವುದು ಅಂಕಿಗಳಿಂದ. ಮನುಷ್ಯರಿಗೆ ನೆನಪಿರುವುದು ಹೆಸರು. ಎರಡನ್ನೂ ಜೋಡಿಸುವ ಪಟ್ಟಿ ಆರಂಭದ ದಿನಗಳಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಒಂದೇ ಕಡತವಾಗಿತ್ತು. ಕಂಪ್ಯೂಟರುಗಳು ಹೆಚ್ಚಿದಂತೆ ಅದು ನಿಭಾಯಿಸಲಾಗದಷ್ಟು ಬೆಳೆಯಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬ ತಜ್ಞ ಇದಕ್ಕೊಂದು ದಾರಿ ತೋರಿಸಿದರು. ಇಡೀ ಲೋಕದ ಲೆಕ್ಕ ಒಂದೇ ಕಡೆ ಬೇಡ, ಅವರವರ ಲೆಕ್ಕ ಅವರವರಲ್ಲಿರಲಿ ಎಂಬುದೇ ಆ ದಾರಿ.

ಹಿಂದಿನಿಂದ ಓದಬೇಕು

ಅಂಚೆಯವರು ವಿಳಾಸವನ್ನು ಕೆಳಗಿನಿಂದ ನೋಡುತ್ತಾರೆ: ಮೊದಲು ಜಿಲ್ಲೆ, ಬಳಿಕ ತಾಲ್ಲೂಕು, ಆಮೇಲೆ ಊರು. ಡೊಮೇನ್ ಹೆಸರೂ ಹಾಗೆಯೇ. ಸಿಇಟಿ ಅರ್ಜಿಯ ತಾಣ 'ಸಿಇಟಿಆನ್‌ಲೈನ್ ಡಾಟ್ ಕರ್ನಾಟಕ ಡಾಟ್ ಜಿಓವಿ ಡಾಟ್ ಇನ್'. ಕೊನೆಯ 'ಇನ್' ಭಾರತ, 'ಜಿಓವಿ' ಸರ್ಕಾರ, ನಂತರ ರಾಜ್ಯ, ಕಡೆಗೆ ವಿಭಾಗ. ವಿಳಾಸದ ನಡುವೆ 'ಕರ್ನಾಟಕ' ಎಂದಿದ್ದು ಕೊನೆಯಲ್ಲಿ ಬೇರೇನೋ ಇದ್ದರೆ ಅದನ್ನು ಸರ್ಕಾರದ ತಾಣವೆಂದು ನಂಬಬಾರದು. ಶುಲ್ಕ ಕಟ್ಟುವ ಮುನ್ನ ಮಕ್ಕಳೂ ಹೆತ್ತವರೂ ಹೆಸರಿನ ಬಾಲ ನೋಡುವುದು ಒಳ್ಳೆಯದು.

ಸಾಲುಗಳ ಅರ್ಥ

ದುದ್ದದ ಶಾಲೆಯೊಂದು ತನ್ನದೇ ಹೆಸರು ಪಡೆಯಿತು ಎಂದಿಟ್ಟುಕೊಳ್ಳೋಣ. ಅದರ ದಾಖಲೆಯಲ್ಲಿ ಮುಖ್ಯವಾಗಿ ಐದು ಬಗೆಯ ಸಾಲುಗಳಿರುತ್ತವೆ. 'ಎನ್ಎಸ್' ಸಾಲು ಈ ದಾಖಲೆ ಯಾವ ಸರ್ವರ್‌ನಲ್ಲಿದೆ ಎಂದು ತಿಳಿಸುತ್ತದೆ. 'ಎ' ಸಾಲು ವೆಬ್‌ಸೈಟ್ ಇರುವ ಕಂಪ್ಯೂಟರಿನ ಅಂಕಿ ಕೊಡುತ್ತದೆ. 'ಸಿನೇಮ್' ಒಂದು ಹೆಸರಿಗೆ ಇನ್ನೊಂದು ಹೆಸರನ್ನು ತೋರಿಸುತ್ತದೆ. 'ಎಂಎಕ್ಸ್' ಇ-ಮೇಲ್ ಎಲ್ಲಿಗೆ ತಲುಪಬೇಕೆಂದು ಹೇಳುತ್ತದೆ. 'ಟಿಎಕ್ಸ್‌ಟಿ' ಸಾಲಿನಲ್ಲಿ, ಶಾಲೆಯ ಹೆಸರಿನಲ್ಲಿ ಪತ್ರ ಕಳಿಸಲು ಯಾವ ಸರ್ವರ್‌ಗಳಿಗೆ ಅನುಮತಿಯಿದೆ ಎಂದು ಬರೆಯಬಹುದು.

ವೆಬ್‌ಸೈಟ್ ಮತ್ತು ಇ-ಮೇಲ್ ಬೇರೆ ಬೇರೆ ಸಾಲುಗಳು ಎಂಬುದನ್ನು ಮರೆಯಬಾರದು. ವೆಬ್‌ಸೈಟನ್ನು ಹೊಸ ಕಂಪನಿಗೆ ಒಯ್ಯುವಾಗ 'ಎಂಎಕ್ಸ್' ಸಾಲು ಕೈಬಿಟ್ಟರೆ ತಾಣ ಚೆನ್ನಾಗಿಯೇ ಕಾಣುತ್ತದೆ. ಆದರೆ ಹೆತ್ತವರ ಪತ್ರ, ವಿದ್ಯಾರ್ಥಿವೇತನದ ಸೂಚನೆ ಯಾವುದೂ ಬಾರದು. ಪ್ರವೇಶದ ದಿನಗಳಲ್ಲಿ ಇದರ ನಷ್ಟ ಮಕ್ಕಳಿಗೆ.

ಆದ್ದರಿಂದ ಬದಲಾವಣೆಗೆ ಮುನ್ನ ಹಳೆಯ ಸಾಲುಗಳನ್ನೆಲ್ಲ ಬರೆದಿಟ್ಟುಕೊಳ್ಳಬೇಕು. ಪ್ರತಿ ಸಾಲಿಗೂ 'ಟಿಟಿಎಲ್' ಎಂಬ ಅವಧಿಯುಂಟು. ಅದು 86,400 ಸೆಕೆಂಡು ಎಂದಿದ್ದರೆ ಬೇರೆ ಕಂಪ್ಯೂಟರುಗಳು ಒಂದು ದಿನದವರೆಗೆ ಹಳೆಯ ಉತ್ತರವನ್ನೇ ನೆನಪಿನಲ್ಲಿಟ್ಟುಕೊಂಡಾವು. ಒಂದೆರಡು ದಿನ ಮೊದಲೇ ಅದನ್ನು 300ಕ್ಕೆ ಇಳಿಸಿ, ನಂತರ ಸಾಲು ಬದಲಿಸಿ, ಹಳೆಯ ಸರ್ವರನ್ನು ಕೆಲವು ದಿನ ಉಳಿಸಿಕೊಳ್ಳುವುದು ಜಾಣತನ.

ಯಾರ ಹೆಸರಿನಲ್ಲಿ?

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಇನ್ನೊಂದಿದೆ. ಹೆಸರನ್ನು ವೆಬ್‌ಸೈಟ್ ಮಾಡಿಕೊಟ್ಟವರು ತಮ್ಮ ಸ್ವಂತ ಖಾತೆಯಲ್ಲಿ ನೋಂದಾಯಿಸಿದ್ದರೆ, ಅವರು ಊರು ಬಿಟ್ಟ ದಿನ ಶಾಲೆಯ ಕೈ ಖಾಲಿ. ನೋಂದಣಿ ಸಂಸ್ಥೆಯ ಹೆಸರಿನಲ್ಲಿರಬೇಕು, ಪಾಸ್‌ವರ್ಡ್ ಇಬ್ಬರು ಜವಾಬ್ದಾರರಲ್ಲಿರಬೇಕು. ನವೀಕರಣದ ದಿನಾಂಕ ಕಚೇರಿಯ ಗೋಡೆಯ ಮೇಲಿರಲಿ. ಅವಧಿ ಮುಗಿದು, ನಂತರದ ಗಡುವೂ ದಾಟಿದರೆ ಆ ಹೆಸರನ್ನು ಬೇರೆಯವರು ಕೊಳ್ಳಬಹುದು.

ಇದನ್ನು ಕಲಿಯಲು ಹಣ ಬೇಕಿಲ್ಲ. ಅಂತರ್ಜಾಲ ಸಂಪರ್ಕವಿರುವ ವಿಂಡೋಸ್ ಕಂಪ್ಯೂಟರಿನಲ್ಲಿ 'ಎನ್ಎಸ್‌ಲುಕಪ್' ಎಂಬ ಆಜ್ಞೆಯ ಮುಂದೆ ಯಾವುದಾದರೂ ಡೊಮೇನ್ ಹೆಸರು ಬರೆದರೆ ಅದರ ಅಂಕಿ ತೆರೆಯ ಮೇಲೆ ಮೂಡುತ್ತದೆ. ಆಸಕ್ತಿಯುಳ್ಳ ಹೈಸ್ಕೂಲು ವಿದ್ಯಾರ್ಥಿ ತನ್ನ ಶಾಲೆಯ ಸಾಲುಗಳನ್ನು ಒಂದು ಸಂಜೆಯಲ್ಲಿ ಪಟ್ಟಿ ಮಾಡಬಲ್ಲ. ಆ ಪಟ್ಟಿ ಮುಖ್ಯೋಪಾಧ್ಯಾಯರ ಬೀರುವಿನಲ್ಲಿದ್ದರೆ ಮುಂದೊಂದು ದಿನ ಉಪಯೋಗಕ್ಕೆ ಬಂದೀತು.