ಗರ್ಭಾವಸ್ಥೆಯಲ್ಲಿ ಹಾರ್ಮೋನುಗಳ ಏರಿಳಿತ

ಗರ್ಭಿಣಿಯ ರಕ್ತಪರೀಕ್ಷೆಯಲ್ಲಿ ಯಾವುದೊಂದು ಹಾರ್ಮೋನು ಇಳಿದಿದೆಯೆಂದು ಕಂಡೊಡನೆ ಮನೆಮಂದಿ ಗಾಬರಿಗೊಳ್ಳುವುದುಂಟು. ಆದರೆ ನವಮಾಸಗಳ ಉದ್ದಕ್ಕೂ ಎಲ್ಲ ಹಾರ್ಮೋನುಗಳೂ ಏರುತ್ತಲೇ ಹೋಗುವುದಿಲ್ಲ. ಎಷ್ಟಿದೆ ಎಂಬುದಕ್ಕಿಂತ ಎಷ್ಟನೆಯ ವಾರದಲ್ಲಿ ಎಷ್ಟಿದೆ ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ. ಈ ವಾರಗಳನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುವುದು ವಾಡಿಕೆ.

ಅಂಡವು ಹೊರಬಿದ್ದ ಮೇಲೆ ಅದನ್ನು ಹೊದ್ದಿದ್ದ ಚೀಲವು ಅಂಡಾಶಯದಲ್ಲಿಯೇ ಉಳಿದು ಹಳದಿಯ ಪುಟ್ಟ ಗ್ರಂಥಿಯಾಗುತ್ತದೆ. ಇದೇ ಪೀತಪಿಂಡ. ಗರ್ಭಕೋಶದ ಒಳಪದರವನ್ನು ಕಾಯುವ ಪ್ರೊಜೆಸ್ಟರೋನನ್ನು ಸ್ರವಿಸುವುದು ಇದರ ಮುಖ್ಯ ಕಾರ್ಯ. ಗರ್ಭ ನಿಲ್ಲದಿದ್ದರೆ ಸುಮಾರು ಎರಡು ವಾರಗಳಲ್ಲಿ ಅದು ಬಾಡುತ್ತದೆ, ಮುಟ್ಟು ಬರುತ್ತದೆ. ಗರ್ಭ ನಿಂತರೆ ಭ್ರೂಣದ ಹೊರಪದರವು ಎಚ್.ಸಿ.ಜಿ. ಎಂಬ ಹಾರ್ಮೋನನ್ನು ತಾಯಿಯ ರಕ್ತಕ್ಕೆ ಕಳುಹಿಸಿ ಪೀತಪಿಂಡವನ್ನು ಬಾಡಗೊಡುವುದಿಲ್ಲ. ಇದು ಮೊದಲ ವಾರಗಳಲ್ಲಿ ಎರಡು ಮೂರು ದಿನಗಳಿಗೊಮ್ಮೆ ಇಮ್ಮಡಿಸುತ್ತ, 8ರಿಂದ 11ನೆಯ ವಾರದೊಳಗೆ ಲೀಟರಿಗೆ ಸುಮಾರು ಒಂದು ಲಕ್ಷ ಯೂನಿಟ್ಟುಗಳನ್ನು ಮುಟ್ಟುವುದುಂಟು. ಅನಂತರ ಬಹಳವಾಗಿ ಇಳಿಯುತ್ತದೆ.

ಇಳಿಯುವುದೇಕೆ ಗಂಡಾಂತರವಲ್ಲ? ಅಷ್ಟರಲ್ಲಿ ಮಾಸು ಬೆಳೆದು, ಪ್ರೊಜೆಸ್ಟರೋನನ್ನು ತಾನೇ ತಯಾರಿಸುವ ಹೊಣೆ ಹೊತ್ತಿರುತ್ತದೆ. ಏಳನೆಯ ವಾರಕ್ಕೆ ಮುನ್ನ ಪೀತಪಿಂಡವನ್ನು ತೆಗೆದರೆ ಗರ್ಭ ಉಳಿಯದೆಂದೂ ಒಂಬತ್ತನೆಯ ವಾರದ ಬಳಿಕ ತೆಗೆದರೆ ಸಾಮಾನ್ಯವಾಗಿ ಉಳಿಯುವುದೆಂದೂ 1970ರ ದಶಕದ ಆರಂಭದಲ್ಲಿ ಚಾಪೋ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟರು. ಮಾಸಿನ ಬಲದಿಂದ ಪ್ರೊಜೆಸ್ಟರೋನು ಏರುತ್ತ ಹೋಗಿ, ದಿನ ತುಂಬುವಾಗ ಮಿಲಿಲೀಟರಿಗೆ ನೂರು ನ್ಯಾನೋಗ್ರಾಮನ್ನು ದಾಟುವುದುಂಟು.

ಈಸ್ಟ್ರೋಜನ್ನುಗಳಲ್ಲಿ ಒಂದಾದ ಈಸ್ಟ್ರಿಯಾಲನ್ನು ಮಾಸು ಒಂದೇ ನಿರ್ಮಿಸಲಾರದು. ಅದರ ಮೂಲದ್ರವ್ಯವು ಮುಖ್ಯವಾಗಿ ಶಿಶುವಿನ ಅಡ್ರಿನಲ್ ಗ್ರಂಥಿ ಮತ್ತು ಯಕೃತ್ತುಗಳಿಂದ ಬರಬೇಕು. ಮಾಸಿನ ಇತರ ಹಾರ್ಮೋನುಗಳು ತಾಯಿಯ ದೇಹದಲ್ಲಿ ಇನ್ಸುಲಿನ್ನಿನ ಪ್ರಭಾವವನ್ನು ತಗ್ಗಿಸಿ, ಶಿಶುವಿಗೆ ಸಕ್ಕರೆ ಒದಗುವಂತೆ ಮಾಡುತ್ತವೆ. 24ರಿಂದ 28ನೆಯ ವಾರದಲ್ಲಿ ಸಕ್ಕರೆಯ ಪರೀಕ್ಷೆ ಮಾಡಿಸುವುದಕ್ಕೆ ಇದೇ ಕಾರಣ. ಹಾಲಿಗೆ ಬೇಕಾದ ಪ್ರೋಲ್ಯಾಕ್ಟಿನ್ನು ಮೊದಲೇ ಹೆಚ್ಚಿದ್ದರೂ, ಹೆರಿಗೆಯಲ್ಲಿ ಮಾಸು ಬಿದ್ದು ಪ್ರೊಜೆಸ್ಟರೋನು ಕುಸಿದ ಮೇಲೆಯೇ, ಎರಡು ಮೂರು ದಿನಗಳಲ್ಲಿ, ಹಾಲು ತುಂಬಿ ಬರುತ್ತದೆ.

ಆದುದರಿಂದ 14ನೆಯ ವಾರದಲ್ಲಿ ಎಚ್.ಸಿ.ಜಿ. ಇಳಿದರೆ ಅದು ಸಹಜ. 6ನೆಯ ವಾರದಲ್ಲಿ ಇಳಿದರೆ ಗರ್ಭ ಉಳಿಯದೆಂಬುದರ ಸೂಚನೆಯಾಗಬಹುದು. ಆಗಲೂ ಒಂದೇ ಅಂಕಿಯನ್ನು ನಂಬದೆ ವೈದ್ಯರು 48 ಗಂಟೆಗಳ ತರುವಾಯ ಮತ್ತೆ ಪರೀಕ್ಷಿಸುತ್ತಾರೆ. ರಕ್ತಸ್ರಾವವೋ ತೀವ್ರವಾದ ಹೊಟ್ಟೆನೋವೋ ಕಂಡರೆ ಮಾತ್ರ ಅಂಕಿಗಾಗಿ ಕಾಯದೆ ಕೂಡಲೇ ವೈದ್ಯರನ್ನು ಕಾಣಬೇಕು.